ಆರು ಗಂಟೆಯ ರೀಡಿಂಗ್

ಮಾರ್ಚ್ ೧೪, ಸೋಮವಾರ

ಪ್ರೀತಿಯ ಕುಂಭಕರ್ಣಿ,

ಮೊದಲು ಚೆನ್ನಾಗಿ ಬೈದುಬಿಡು. ಬೈದಾಯಿತೇ? ಸರಿ, ಇನ್ನು ಓದು. ಊರು ಮುಟ್ಟಿದ ಕೂಡಲೇ ಕಾಗದ ಹಾಕುತ್ತೇನೆ ಎಂದು ಬಸ್ಸಿನ ಕಿಟಕಿಯಿಂದ ಕೈಬೀಸಿ ಹೇಳಿದವಳು, ಇಪ್ಪತ್ತಮೂರು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೇನೆ. ನಿನ್ನ ಎರಡು ಕಾಗದಗಳೂ ಬಂದವು. ಮೊದಲನೆಯದರ ತುಂಬ ಅಕ್ಕರೆ, ಎರಡನೆಯದರ ತುಂಬ ಸಿಟ್ಟು. ಸಿಟ್ಟಿನದನ್ನೇ ಹೆಚ್ಚು ಸಲ ಓದಿದೆ, ಅದರಲ್ಲಿ ನೀನು ಹಳೆಯ ನೀನೇ ಆಗಿದ್ದೆ. ಫೋನು ಮಾಡಿದ್ದೂ ಗೊತ್ತು. ಬೇಕೆಂದೇ ಎತ್ತಲಿಲ್ಲ. ನಿನ್ನ ಧ್ವನಿ ಕಿವಿಗೆ ಬಿದ್ದರೆ ಹೇಳಬೇಕಾದ್ದನ್ನು ನುಂಗಿಕೊಂಡು ಹಲ್ಲು ಕಿರಿದುಬಿಡುತ್ತೇನೆ. ಕಾಗದವಾದರೆ ಆ ಭಯವಿಲ್ಲ.

ನಾನು ಆರಾಮ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಗೊಣಗುತ್ತದೆ. ಮೂವತ್ತಾರು ವರ್ಷ ಗಾಳಿಯ ಒತ್ತಡ ಅಳೆದವಳ ಒತ್ತಡವನ್ನು ಈಗ ಡಾಕ್ಟರು ಅಳೆದು, ಉಪ್ಪು ಕಡಿಮೆ ಮಾಡಿ ಅನ್ನುತ್ತಾರೆ. ಕೆಳಗಿನ ಸೈಕಲ್ ರಿಪೇರಿಯವರು ಬೆಳಿಗ್ಗೆ ಏಳಕ್ಕೇ ಸುತ್ತಿಗೆ ಹಿಡಿಯುತ್ತಾರೆ. ನನಗೇನೂ ತೊಂದರೆಯಿಲ್ಲ, ನಾನು ಐದೂವರೆಗೇ ಎದ್ದಿರುತ್ತೇನೆ. ರಿಟೈರಾಗಿ ಆರು ವರ್ಷವಾದರೂ ಈ ಹಾಳು ಕಣ್ಣಿಗೆ ಯಾರೂ ಆದೇಶ ತಲುಪಿಸಿಲ್ಲ.

ನಮ್ಮ ಗುಡ್ಡದ ಮೇಲಿನ ಹವಾಮಾನ ಕಚೇರಿ ಏನಾಯಿತು ಎಂದು ಕೇಳಿದ್ದೆ. ಈಗ ಅಲ್ಲಿ ಮನುಷ್ಯರಿಲ್ಲ. ಅಂಗಳದಲ್ಲಿ ಒಂದು ಕಂಬ ನಿಲ್ಲಿಸಿದ್ದಾರೆ, ಅದೇ ಅಳೆಯುತ್ತದೆ, ಅದೇ ಬರೆದುಕೊಳ್ಳುತ್ತದೆ, ಅದೇ ಕಳಿಸುತ್ತದೆ. ಅದಕ್ಕೆ ರಜೆ ಬೇಡ, ಚಹಾ ಬೇಡ, ಹಲ್ಲುನೋವು ಬರುವುದಿಲ್ಲ. ಜೊತೆಗೆ ಇನ್ನೊಂದು ಕಂಬವೂ ಬೇಡ.

ನಿನ್ನನ್ನು ಹೇಗೆ ಪತ್ತೆ ಹಚ್ಚಿದೆ ಎನ್ನುವುದನ್ನು ನಾನು ಸರಿಯಾಗಿ ಹೇಳಲೇ ಇಲ್ಲ ಎಂದು ದೂರಿದ್ದೀಯ. ಹೇಳಲು ನೀನು ಬಿಟ್ಟರೆ ತಾನೆ? ಬಾಯಿ ತೆರೆದಾಗಲೆಲ್ಲ ಅದಕ್ಕೆ ಬಿಸ್ಕತ್ತು ತುರುಕುತ್ತಿದ್ದೆ. ಈಗ ಕೇಳು. ತಂಗಿಯ ಮನೆಗೆ ಹೊರಟಿದ್ದೆ. ಸೇತುವೆ ದುರಸ್ತಿ ಎಂದು ಬಸ್ಸು ಸುತ್ತುಹಾದಿ ಹಿಡಿದು ನಿಮ್ಮ ಬೀದಿಯಲ್ಲಿ ಬಂತು, ಎದುರಿಗೊಂದು ಲಾರಿ ಕೆಟ್ಟು ನಿಂತು ನಾವೂ ನಿಂತೆವು. ಕಿಟಕಿಯಾಚೆ ಸಸಿ ಮಾರುವ ಅಂಗಳ, ಗೇಟಿಗೆ ಕಟ್ಟಿದ ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ, ‘ಇವತ್ತು ಮೋಡ ಎಂಟರಲ್ಲಿ ಮೂರು ಪಾಲು. ಗಾಳಿ ಸಾಧಾರಣ. ಸಂಜೆ ನೀರು ಹಾಕಿದರೆ ಸಾಕು.’

ಆಕಾಶವನ್ನು ಎಂಟು ಪಾಲು ಮಾಡಿ ಮೋಡ ಎಣಿಸುವವರು ನಮ್ಮ ಕಸುಬಿನವರು ಮಾತ್ರ. ತಲೆಯೆತ್ತಿ ನೋಡಿದೆ. ನನ್ನ ಅಂದಾಜಿಗೆ ನಾಲ್ಕು ಪಾಲು. ಸದಾ ಒಂದು ಪಾಲು ಕಡಿಮೆ ಹೇಳಿ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದವಳು ಲೋಕದಲ್ಲಿ ಒಬ್ಬಳೇ ಇದ್ದಳು. ಎದ್ದು ನಿಂತೆ, ಚೀಲ ಎಳೆದುಕೊಂಡೆ. ಕಂಡಕ್ಟರು, “ಅಮ್ಮಾ, ಸ್ಟಾಪಿಗೆ ಇನ್ನೂ ದೂರ ಇದೆ, ಕೂತ್ಕೊಳಿ” ಎಂದ. “ನನ್ನ ಸ್ಟಾಪು ಇದೇ ಕಣಪ್ಪಾ” ಎಂದು ಇಳಿದೇಬಿಟ್ಟೆ.

ನೀನು ಬಗ್ಗಿ ಕುಂಡಗಳಿಗೆ ನೀರು ಹಾಕುತ್ತಿದ್ದೆ. ತಲೆಯೆತ್ತದೆಯೇ “ಏನು ಸಸಿ ಬೇಕಿತ್ತು?” ಎಂದೆ. ನಾನು ಗೇಟಿನಲ್ಲೇ ನಿಂತು, “ನಾಲ್ಕು ಪಾಲು ಕಣೇ, ಮೂರಲ್ಲ” ಎಂದೆ. ನೀನು ನೀರಿನ ಕ್ಯಾನು ಕೆಳಗಿಟ್ಟು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. “ಪಾದರಸ?” ಎಂದೆ. ಆಮೇಲೆ ಅಪ್ಪಿಕೊಳ್ಳುವುದು ಬಿಟ್ಟು ಬೈಯಲು ಶುರುಮಾಡಿದೆ. “ಏನೇ ಇದು, ಕೂದಲೆಲ್ಲ ಬೆಳ್ಳಗೆ ಮಾಡ್ಕೊಂಡು ಬಂದಿದೀಯ!” ನಾನೇನೋ ಹಟಕ್ಕೆ ಮಾಡಿಕೊಂಡವಳ ಹಾಗೆ. ನಲವತ್ತೊಂದು ವರ್ಷದ ಮೇಲೆ ಒಬ್ಬರು ನನ್ನನ್ನು ಆ ಹೆಸರಿನಿಂದ ಕರೆದಿದ್ದರು. ಒಂದು ಕಡೆ ಕೂರಲಾರದ ಹುಡುಗಿಗೆ ನೀನಿಟ್ಟ ಹೆಸರು ಅದು. ಈಗ ಕೂತರೆ ಏಳುವುದೇ ಕಷ್ಟ, ಆದರೂ ಆ ಹೆಸರು ಕೇಳಿ ಮೈಯೆಲ್ಲ ಹಗುರಾಯಿತು.

ತಂಗಿಗೆ ಫೋನು ಮಾಡಿ ಒಂದು ಸಂಜೆ ತಡವಾಗುತ್ತದೆ ಎಂದವಳು ಮೂರು ದಿನ ನಿನ್ನ ಮನೆಯಲ್ಲಿ ಝಂಡಾ ಊರಿದೆ. ಹಸಿರು ಪರದೆಯ ನೆರಳಲ್ಲಿ ಕೂತು ಮಣ್ಣು, ಮರಳು, ಗೊಬ್ಬರ ಕಲಸಿ ಚೀಲ ತುಂಬಿಸುತ್ತ ಎಷ್ಟು ಮಾತಾಡಿದೆವು! ಬಸ್ ಮೆಕ್ಯಾನಿಕ್ ಆಗಿದ್ದ ನಿನ್ನ ಯಜಮಾನರು, ಮದುವೆಯಾದ ಹೊಸದರಲ್ಲಿ, ನೀನು ಒಗೆದ ಬಟ್ಟೆ ಹರವುವ ಮೊದಲು ಗಾಳಿಯ ದಿಕ್ಕು ನೋಡುವುದನ್ನು ಕಂಡು ಹೆದರಿ ಅವರಮ್ಮನಿಗೆ ಹೇಳಿದ ಕಥೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವರು ಹೋಗಿ ಒಂಬತ್ತು ವರ್ಷವಾಯಿತು ಎಂದೂ ನೀನು ಆ ನಗುವಿನ ಮಧ್ಯದಲ್ಲೇ ಹೇಳಿದೆ. ಪಕ್ಕದ ಬೀದಿಯಿಂದ ನಿನ್ನ ಮಗಳು ಬಂದಳು, ಮೊಮ್ಮಗಳನ್ನು ನನ್ನ ತೊಡೆಯ ಮೇಲೆ ಕೂರಿಸಿ, “ಇವರೇ ಪಾದರಸಜ್ಜಿ” ಎಂದಳು. ನನ್ನ ಹೆಸರು ಆ ಮನೆಯಲ್ಲಿ ಮೊದಲಿನಿಂದಲೂ ಇತ್ತು ಎಂದು ತಿಳಿದಾಗ ನನಗೆ ಆದದ್ದು ಬರೀ ಸಂತೋಷವಲ್ಲ. ನನ್ನ ಬಗ್ಗೆ ಏನೇನು ಹೇಳಿದ್ದೀಯೋ ಎಂಬ ಭಯ. ಒಳ್ಳೆಯದನ್ನೇ ಹೇಳಿದ್ದೆ ಎಂದು ಗೊತ್ತಾದ ಮೇಲೆ ಇನ್ನೂ ಹೆಚ್ಚು ಭಯ.

ಮೂರನೆಯ ದಿನ ಚೀಲಕ್ಕೆ ಮಣ್ಣು ಒತ್ತುತ್ತ, ನನ್ನ ಮುಖ ನೋಡದೆ ನೀನು ಕೇಳಿದೆ. “ಆ ದಿನ ನೀನ್ಯಾಕೇ ಬಾಯಿ ಬಿಡ್ಲಿಲ್ಲ?”

ಯಾವ ದಿನ ಎಂದು ನಾನು ಕೇಳಲಿಲ್ಲ. ಆದರೆ ನಾವಿಬ್ಬರೂ ಅದನ್ನು ಬೇರೆಬೇರೆ ಥರ ನೆನಪಿಟ್ಟುಕೊಂಡಿದ್ದೇವೆ ಎಂದು ಅವತ್ತು ಗೊತ್ತಾಯಿತು. ನಾನು ಬೇಕೆಂದೇ ನಿನ್ನನ್ನು ಎಬ್ಬಿಸಲಿಲ್ಲ ಎಂದು ನೀನು ತಿಳಿದಿದ್ದೀಯ. ಅದು ಹಾಗಲ್ಲ. ನನ್ನ ಕಣ್ಣಿಗೆ ಕಂಡದ್ದನ್ನು ಒಮ್ಮೆ ಬರೆದುಬಿಡುತ್ತೇನೆ.

ಬೆಳಗಿನ ಆರು ಗಂಟೆಯ ಪಾಳಿ ನಿನ್ನದು. ನಿನಗೆ ಎರಡು ದಿನದಿಂದ ಹಲ್ಲುನೋವು, ಕೆನ್ನೆ ಬನ್ನಿನ ಹಾಗೆ ಊದಿತ್ತು. ಹಿಂದಿನ ಸಂಜೆ, ಕಚೇರಿಗೆ ಅಂಟಿದ ನಮ್ಮ ಕೋಣೆಯಲ್ಲಿ, “ನೀನು ಮಲಗು, ನಾನು ನೋಡ್ಕೋತೀನಿ” ಎಂದವಳು ನಾನು. ಗುಳಿಗೆ ನುಂಗಿ ನೀನು ಮಲಗಿದೆ. ಬೆಳಿಗ್ಗೆ ನನಗೆ ಎಚ್ಚರವಾದಾಗ ಆರೂ ನಲವತ್ತು. ಕುಂಭಕರ್ಣಿ ಅಂದು ನಾನಾಗಿದ್ದೆ! ಬರಿಗಾಲಲ್ಲಿ ಅಂಗಳಕ್ಕೆ ಓಡಿ, ಬಿಳಿ ಪೆಟ್ಟಿಗೆಯ ಬಾಗಿಲು ತೆಗೆದು, ಉಸಿರು ತಾಗಿ ಪಾದರಸ ಏರದಿರಲೆಂದು ಎಂದಿನಂತೆ ಉಸಿರು ಬಿಗಿಹಿಡಿದು, ಎರಡೂ ಥರ್ಮಾಮೀಟರ್ ಓದಿದೆ. ಒಳಗೆ ಬಂದು ಬ್ಯಾರೋಮೀಟರ್ ಓದಿದೆ. ನಲವತ್ತು ನಿಮಿಷದ ಹಿಂದೆ ಎಷ್ಟಿದ್ದೀತು ಎಂದು ಅಂದಾಜು ಹಾಕಿ, ಒಂದಿಷ್ಟು ಕಳೆದು, ರಿಜಿಸ್ಟರಿನಲ್ಲಿ ಆರು ಗಂಟೆಯ ಸಾಲಿಗೆ ತುಂಬಿದೆ. ಪಾಳಿ ನಿನ್ನದಲ್ಲವೇ, ನಿನ್ನ ಸಹಿಯನ್ನೇ ಹಾಕಿದೆ. ಒಬ್ಬರ ಸಹಿ ಇನ್ನೊಬ್ಬರು ಹಾಕುವ ಆಟವನ್ನು ನಾವು ಎಷ್ಟು ಸಂಜೆ ಆಡಿರಲಿಲ್ಲ!

ಸಾಲನ್ನು ಖಾಲಿ ಬಿಟ್ಟಿದ್ದರೆ ಬೈಗುಳದಲ್ಲಿ ಮುಗಿಯುತ್ತಿತ್ತು. ರೀಡಿಂಗ್ ತಪ್ಪಿಸುವುದು ಸೋಮಾರಿತನ, ರೀಡಿಂಗ್ ಹುಟ್ಟಿಸುವುದು ಅಪರಾಧ ಎಂದು ಮೊದಲ ದಿನವೇ ನಮಗೆ ಕಲಿಸಿದ್ದರು. ಗೊತ್ತಿದ್ದೂ ಮಾಡಿದೆ. ಕೆನ್ನೆ ಊದಿಸಿಕೊಂಡು ಮಲಗಿದ್ದ ನಿನಗೆ ಬೈಗುಳವೂ ತಾಗಬಾರದು ಎಂದು ಮಾಡಿದೆ. ಇಷ್ಟು ಮಾತ್ರ ನಂಬು.

ನಾನು ಮರೆತದ್ದು ಮೂಲೆಯಲ್ಲಿದ್ದ ಆ ಸುತ್ತುವ ಡಬ್ಬಿಯನ್ನು. ಕಾಗದ ಸುತ್ತಿಕೊಂಡು ವಾರವಿಡೀ ತಾನೇ ಒತ್ತಡದ ಗೆರೆ ಎಳೆಯುತ್ತ ಕೂತಿರುತ್ತಿತ್ತಲ್ಲ, ನೇರಳೆ ಶಾಯಿಯ ಮುಳ್ಳು. ಆ ಬೆಳಿಗ್ಗೆ ನಾವಿಬ್ಬರೂ ನಿದ್ದೆಯಲ್ಲಿದ್ದಾಗ, ಸರಿಯಾಗಿ ಆರರ ಹೊತ್ತಿಗೆ, ಒಂದು ಗಾಳಿಯ ಅಲೆ ಗುಡ್ಡ ದಾಟಿ ಹೋಗಿತ್ತು. ಒತ್ತಡ ತಟ್ಟನೆ ಇಳಿದು ಅರ್ಧ ಗಂಟೆಯೊಳಗೆ ಮತ್ತೆ ಮೊದಲಿನಂತಾಗಿತ್ತು. ಕಾಗದದ ಮೇಲೆ ಅಲ್ಲೊಂದು ಗುಳಿ. ನನ್ನ ಸಾಲಿನಲ್ಲಿ ಗುಳಿಯೇ ಇಲ್ಲ.

ಎರಡು ವಾರ ಕಳೆದು ಇನ್‌ಸ್ಪೆಕ್ಟರು ತಪಾಸಣೆಗೆ ಬಂದರು. ಬಾಯಿಬಡುಕರಲ್ಲ, ಒಳ್ಳೆಯ ಮನುಷ್ಯ, ಅದೇ ಕಷ್ಟ. ಗೆರೆಯ ಕಾಗದವನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದರು. ಮೇಜಿನ ಈಚೆ ನಾವಿಬ್ಬರೂ ನಿಂತಿದ್ದೆವು. “ಈ ಆರು ಗಂಟೆಯ ರೀಡಿಂಗ್ ತಗೊಂಡವರು ಯಾರಮ್ಮ?” ಎಂದರು.

ನೋಡಿದ ಕೂಡಲೇ ಸಹಿ ನಿನ್ನದಲ್ಲ ಎಂದು ನಿನಗೆ ತಿಳಿದಿತ್ತು. ನೀನು ಒಮ್ಮೆ ನನ್ನ ಕಡೆ ತಿರುಗಿದೆ. ನಾನು ನೆಲ ನೋಡಿದೆ. “ಪಾಳಿ ನನ್ನದು ಸಾರ್” ಎಂದೆ ನೀನು. ನಿನ್ನ ಪ್ರೊಬೇಷನ್ ಮುಗಿಯಲು ಇಪ್ಪತ್ತು ದಿನ ಉಳಿದಿತ್ತು. ಹತ್ತನೆಯ ದಿನ ಕೆಲಸದಿಂದ ತೆಗೆದ ಆದೇಶ ಬಂತು. ನೀನು ಟ್ರಂಕು ಹಿಡಿದು ಬೆಳಗಿನ ಬಸ್ಸಿಗೆ ಹೋದೆ, ನಾನು ಒಳಗೆ ಒಂಬತ್ತು ಗಂಟೆಯ ರೀಡಿಂಗ್ ಬರೆಯುತ್ತ ಕೂತಿದ್ದೆ. ನಿನ್ನ ಮನೆಯ ವಿಳಾಸ ಫೈಲಿನಲ್ಲಿ ಕೈಗೆಟುಕುವಷ್ಟು ಹತ್ತಿರವಿತ್ತು. ಒಂದು ಸಾಲು ಬರೆಯಲಿಲ್ಲ.

ಅವತ್ತು ಮಣ್ಣಿನ ಚೀಲಗಳ ನಡುವೆ ನೀನು ಹೇಳಿದ ಮಾತು ಇಪ್ಪತ್ತಮೂರು ದಿನದಿಂದ ಕಿವಿಯಲ್ಲೇ ಇದೆ. “ಕೆಲಸ ಹೋಗಿದ್ದಕ್ಕೆ ನಾನು ಅಷ್ಟು ಅತ್ತಿಲ್ಲ ಕಣೇ. ಅವರು ಕೇಳಿದಾಗ, ಇವಳು ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. ನೀನು ಹೇಳಲ್ಲ ಅಂತ ಗೊತ್ತಾಯ್ತಲ್ಲ, ಆಮೇಲೆ ನಾನಾಗಿ ನಿನ್ನ ಹೆಸರು ಹೇಳೋಕೆ ಮನಸ್ಸು ಬರ್ಲಿಲ್ಲ. ಯಾಕೆ ಸುಮ್ನಿದ್ದೆ, ಅದನ್ನ ಹೇಳು ಸಾಕು.”

“ಹೆದರಿಕೆ ಆಯ್ತು” ಎಂದೆ.

“ಅಷ್ಟೇನಾ?”

“ಅಷ್ಟೇ.”

ನೀನು ಕೈಯ ಮಣ್ಣನ್ನು ಸೆರಗಿಗೆ ಒರೆಸಿಕೊಂಡೆ. ಬೈಯುತ್ತೀಯ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. “ಅಯ್ಯೋ ಹುಚ್ಚಿ, ಇಪ್ಪತ್ಮೂರು ವರ್ಷದ ಹುಡುಗಿಗೆ ಹೆದರಿಕೆ ಆಗ್ದೆ ಇನ್ನೇನಾಗುತ್ತೆ? ನಾನೂ ಅಷ್ಟೇ ಹೆದರಿದ್ದೆ. ಬಿಟ್ಹಾಕು, ಇಲ್ಲಿಗೆ ಮುಗೀತು” ಎಂದು ನನ್ನ ಕೆನ್ನೆ ಹಿಡಿದು ಅಲ್ಲಾಡಿಸಿದೆ. ಕೆನ್ನೆಗೆಲ್ಲ ಗೊಬ್ಬರ. ಇಬ್ಬರೂ ಅತ್ತೆವು, ಇಬ್ಬರೂ ನಕ್ಕೆವು. ಆಮೇಲೆ ಚಹಾ ಸೋಸುತ್ತ ಬೆನ್ನು ತಿರುಗಿಸಿಕೊಂಡೇ ನೀನು ಹೇಳಿದೆ, “ಮೇಲಿನ ರೂಮು ಖಾಲಿ ಬಿದ್ದಿದೆ. ಬಂದ್ಬಿಡು. ಬೆಳಿಗ್ಗೆ ಜಗಳ ಆಡೋಕಾದ್ರೂ ಒಬ್ರು ಬೇಕು.”

ನಾನು ಊರಿಗೆ ಹೋಗಿ ಬರೆಯುತ್ತೇನೆ ಎಂದೆ. ಒಪ್ಪಿಕೊಳ್ಳಲು ಅದೆಷ್ಟು ಆಸೆಯಾಗಿತ್ತು ಎಂದರೆ, ಬಸ್ಸಿನಲ್ಲೇ ಏನೇನು ಸಾಮಾನು ತರಬೇಕು ಎಂದು ಲೆಕ್ಕ ಹಾಕಿಬಿಟ್ಟೆ. ಓದುವ ದೀಪ, ಎರಡು ಕಂಬಳಿ, ಬೆತ್ತದ ಕುರ್ಚಿ. ಆ ರೂಮಿನ ಪೂರ್ವದ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ, ಅದಕ್ಕೊಂದು ಹೊಸ ಚಿಲಕ. ಮನೆಯೊಡೆಯನಿಗೆ ಏನು ಹೇಳಬೇಕು ಎನ್ನುವುದನ್ನೂ ಯೋಚಿಸಿದ್ದೆ. ನನ್ನ ಬದುಕು ಕೆಟ್ಟದ್ದಾಗಿತ್ತು ಎಂದು ತಿಳಿಯಬೇಡ. ಮದುವೆ ಬೇಡವೆನಿಸಿತು, ಆಗಲಿಲ್ಲ. ಕೆಲಸ ಇಷ್ಟವಾಗಿತ್ತು, ಮಾಡಿದೆ. ತಂಗಿಯ ಮಗಳು ವಾರಕ್ಕೊಮ್ಮೆ ಬಂದು ಗದರಿಸಿ ಹೋಗುತ್ತಾಳೆ. ಆದರೂ ಎಷ್ಟೋ ಸಂಜೆ ಆಕಾಶ ನೋಡಿ ಐದು ಪಾಲು ಎಂದು ಜೋರಾಗಿ ಹೇಳಿ, ಅಲ್ಲ ನಾಲ್ಕು ಅನ್ನುವವರಿಲ್ಲದೆ ಒಳಗೆ ಬಂದಿದ್ದೇನೆ. ನೀನು ಬೇಕಾಗಿತ್ತು ಕಣೇ. ಬೇರೆ ಗೆಳತಿಯರು ಸಿಕ್ಕರು, ಒಳ್ಳೆಯವರೇ. ನೀನಲ್ಲ.

ಈ ಸಂಜೆ ಅಂಚೆ ಎತ್ತುವ ಮೊದಲು ಇದನ್ನು ಹಾಕಿಬಿಡಬೇಕು, ಇಲ್ಲದಿದ್ದರೆ ಮತ್ತೆ ಮನಸ್ಸು ಬದಲಾದೀತು. ಮಗಳಿಗೂ ಅಳಿಯನಿಗೂ ನನ್ನ ನೆನಪು ಹೇಳು. ಮೊಮ್ಮಗಳು ನೂರ್ಕಾಲ ಚೆನ್ನಾಗಿರಲಿ, ಅವಳಿಗೆ ಹಲ್ಲು ಗಟ್ಟಿಯಾಗಿರಲಿ. ಭಾರದ ಕುಂಡಗಳನ್ನು ಒಬ್ಬಳೇ ಎತ್ತಬೇಡ, ಸೊಂಟ ಹಿಡಿದರೆ ಉಜ್ಜಲು ನಾನು ಅಲ್ಲಿಲ್ಲ. ನಿನಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಪಾದರಸ

ತಾಜಾ ಕಲಂ: ಲಕೋಟೆ ಅಂಟಿಸಿದ್ದೆ. ಮತ್ತೆ ಬಿಚ್ಚಿದ್ದೇನೆ. ಇಷ್ಟು ಉದ್ದ ಬರೆದದ್ದೇ ಇದನ್ನು ಬರೆಯಲು, ಇದೊಂದನ್ನು ಬಿಟ್ಟು ಉಳಿದೆಲ್ಲ ಬರೆದಿದ್ದೆ.

ನಾನು ಹೆದರಿರಲಿಲ್ಲ. ಹೆದರಲು ನನಗೆ ಕಾರಣವೇ ಇರಲಿಲ್ಲ. ನಾನು ಖಾಯಂ ಆಗಿ ಎಂಟು ತಿಂಗಳಾಗಿತ್ತು, ಒಪ್ಪಿಕೊಂಡಿದ್ದರೆ ಒಂದು ಛೀಮಾರಿ ಪತ್ರ ಬರುತ್ತಿತ್ತು, ಹೆಚ್ಚೆಂದರೆ ಒಂದು ವರ್ಷ ಬಡ್ತಿ ತಡೆಯುತ್ತಿದ್ದರು.

ಇನ್‌ಸ್ಪೆಕ್ಟರು ಬಂದದ್ದು ಗುರುವಾರ. ಅದಕ್ಕೆ ಎರಡು ದಿನ ಮೊದಲು, ಮಂಗಳವಾರ, ನಮ್ಮ ಮೇಲಧಿಕಾರಿ ರಜೆಯಲ್ಲಿದ್ದರು, ಟಪಾಲು ಬಿಚ್ಚಿದವಳು ನಾನು. ಅದರಲ್ಲಿ ನಿನ್ನ ಹೆಸರಿನ ಆದೇಶವಿತ್ತು. ಪ್ರೊಬೇಷನ್ ಮುಗಿದ ಕೂಡಲೇ ನಿನ್ನನ್ನು ಕೇಂದ್ರ ಕಚೇರಿಗೆ ವರ್ಗ ಮಾಡಿದ್ದರು. ಹೌದು, ನಿನಗೆ ಅದು ಸಿಕ್ಕಿತ್ತು. ಕೊನೆಯವರೆಗೂ ನಿನಗೆ ತಿಳಿಯಲೇ ಇಲ್ಲ. ಆದೇಶದ ಹಿಂದೆ ನೀನು ಹಾಕಿದ್ದ ಅರ್ಜಿಯನ್ನೂ ಪಿನ್ನು ಮಾಡಿದ್ದರು. ನೀನು ಅರ್ಜಿ ಹಾಕಿದ್ದು ನನಗೆ ಗೊತ್ತಿರಲಿಲ್ಲ. ತಾರೀಖು ನೋಡಿದೆ. ನಾವಿಬ್ಬರೂ ಬ್ರಷ್ ಹಿಡಿದು ಅಂಗಳದ ಬೇಲಿಗೆ ಬಣ್ಣ ಬಳಿದ ವಾರ. ನೀನು ಆ ವಾರವೆಲ್ಲ ಹಾಡು ಗುನುಗುತ್ತಿದ್ದೆ, ನನ್ನ ಜೊತೆ ಇರುವ ಖುಷಿಗೆ ಎಂದುಕೊಂಡಿದ್ದೆ. ಆದೇಶವನ್ನು ಟ್ರೇಯಲ್ಲಿ ಎಲ್ಲಕ್ಕಿಂತ ಕೆಳಗೆ ಇಟ್ಟೆ.

ಗುರುವಾರ ಅವರು “ಯಾರಮ್ಮ?” ಎಂದಾಗ ನನ್ನ ಬಾಯಿ ತೆರೆದಿತ್ತು. ಅಷ್ಟರಲ್ಲಿ ತಲೆಯಲ್ಲಿ ಒಂದು ಲೆಕ್ಕ ಓಡಿತು. ತಪ್ಪು ನಿನ್ನದೆಂದಾದರೆ ಪ್ರೊಬೇಷನ್ ಇನ್ನೊಂದು ವರ್ಷ ಮುಂದೆ ಹಾಕುತ್ತಾರೆ. ವರ್ಗ ರದ್ದಾಗುತ್ತದೆ. ಇನ್ನೊಂದು ವರ್ಷ ನೀನು ಇಲ್ಲೇ ಇರುತ್ತೀಯ, ನನ್ನ ಜೊತೆ. ಕೆಲಸದಿಂದಲೇ ತೆಗೆಯುತ್ತಾರೆ ಎಂದು ಹೊಳೆಯಲಿಲ್ಲ. ಬಾಯಿ ಮುಚ್ಚಿದೆ. ನಿನ್ನನ್ನು ತೆಗೆದ ಆದೇಶ ಬಂದ ಮೇಲೂ ಹೋಗಿ ಹೇಳಬಹುದಿತ್ತು. ಹೇಳಿದರೆ ನೀನು ಉಳಿಯುತ್ತಿರಲಿಲ್ಲ, ಕೇಂದ್ರ ಕಚೇರಿಗೆ ಹೋಗುತ್ತಿದ್ದೆ. ಹೇಗೂ ನೀನು ಹೋಗುವವಳೇ ಎಂದು ಸುಮ್ಮನಾದೆ. ಇದಕ್ಕಿಂತ ಹೊಲಸಾದದ್ದನ್ನು ನಾನು ಬದುಕಿನಲ್ಲಿ ಮಾಡಿಲ್ಲ.

ನೀನು ಕ್ಷಮಿಸಿದ್ದು ಹೆದರಿದ ಹುಡುಗಿಯನ್ನು. ಅವಳು ಅಲ್ಲಿ ಇರಲೇ ಇಲ್ಲ. ಆ ಕ್ಷಮೆಯನ್ನು ಇಟ್ಟುಕೊಂಡು ನಿನ್ನ ಮೇಲಿನ ರೂಮಿಗೆ ಬಂದು ಮಲಗಲು ನನ್ನಿಂದಾಗದು. ಇದನ್ನು ಓದಿಯೂ ಬಾ ಎನ್ನುವುದಾದರೆ ಒಂದು ಸಾಲು ಬರೆ, ಸಿಟ್ಟಿನಲ್ಲೇ ಬರೆ. ಬರೆಯದಿದ್ದರೆ ಅರ್ಥಮಾಡಿಕೊಳ್ಳುತ್ತೇನೆ.

ನೀನು ಹೋಗಬಾರದು ಎಂದು ನನಗಿತ್ತು, ಇದ್ದದ್ದು ಅಷ್ಟೇ. ಆ ಮಂಗಳವಾರವೇ ಆದೇಶವನ್ನು ನಿನ್ನ ಕೈಗಿಟ್ಟು, ಹೋಗಬೇಡ ಕಣೇ ಎಂದು ಅತ್ತುಬಿಟ್ಟಿದ್ದರೆ, ನೀನು ನಕ್ಕು, ನನ್ನ ತಲೆಗೊಂದು ಮೊಟಕಿ, ಹೋಗಿಯೇ ಹೋಗುತ್ತಿದ್ದೆ. ಹೋಗಿ, ವಾರಕ್ಕೊಂದು ಕಾಗದ ಬರೆಯುತ್ತಿದ್ದೆ.